ಕಲಾಯಿ ಹುಸೇನಮ್ಮ ಹಾಕಿದ ತವರ

ಬಹಳ ಹಿಂದಿನ ಮಾತು. ಯಾವ ರಾಜ ಆಳುತ್ತಿದ್ದ, ಯಾವ ಸಂವತ್ಸರ ಅಂತ ನನ್ನನ್ನು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಗಿಡ್ಡೇನಪಾಳ್ಯ ಅಂತ ಒಂದು ಊರು. ಆ ಊರಿಗೆ ವರ್ಷಕ್ಕೊಂದು ಸಲ, ಹಿರಿಯರ ಹಬ್ಬಕ್ಕೆ ಮುಂಚೆ, ಕಲಾಯಿ ಹಾಕುವ ಹುಸೇನಮ್ಮ ಬರುತ್ತಿದ್ದಳಂತೆ. ಕತ್ತೆಯ ಬೆನ್ನ ಮೇಲೆ ತಿದಿ, ಇದ್ದಿಲ ಚೀಲ, ಸಾಣೆಕಲ್ಲು. ಗಂಡ ತೀರಿಕೊಂಡ ಮೇಲೆ ಅವನ ಕಸುಬನ್ನು ತಾನೇ ಹೆಗಲಿಗೆ ಹಾಕಿಕೊಂಡ ಹೆಂಗಸು ಅವಳು. ಊರ ಮುಂದಿನ ಬೇವಿನ ಮರದ ಕೆಳಗೆ ಒಂದು ಗುಂಡಿ ತೋಡಿ ಬೆಂಕಿ ಮಾಡಿಕೊಂಡು ಕೂತಳೆಂದರೆ, ಊರಿನ ಹಿತ್ತಾಳೆ ತಾಮ್ರವೆಲ್ಲ ಅವಳ ಮುಂದೆ ಬಂದು ಬೀಳುತ್ತಿತ್ತಂತೆ.

ಅವಳ ಬಗ್ಗೆ ಏನೇನೋ ಹೇಳುತ್ತಾರೆ. ಅವಳು ತಿದಿ ಒತ್ತಿದರೆ ಆ ಸದ್ದಿಗೆ ಸುತ್ತಲ ಊರಿನ ಕಾಗೆಗಳೆಲ್ಲ ಹಾರಿ ಹೋಗುತ್ತಿದ್ದವಂತೆ. ಅವಳು ಸಾಣೆ ಹಿಡಿದ ಈಳಿಗೆಯಲ್ಲಿ ಹೆಚ್ಚಿದರೆ, ತಾನು ಹೋಳಾದದ್ದು ಈರುಳ್ಳಿಗೇ ಗೊತ್ತಾಗುತ್ತಿರಲಿಲ್ಲವಂತೆ, ಹೆಚ್ಚಿದವರ ಕಣ್ಣಲ್ಲಿ ನೀರು ಎಲ್ಲಿಂದ ಬರಬೇಕು. ಅವಳು ಕಲಾಯಿ ಹಾಕಿದ ಕೊಳಗದೊಳಕ್ಕೆ ಹುಣ್ಣಿಮೆಯ ಚಂದ್ರ ಇಣುಕಿ ಮುಖ ನೋಡಿಕೊಂಡು ಹೋಗುತ್ತಿದ್ದನಂತೆ. ಇದನ್ನೆಲ್ಲ ನೀವು ನಂಬಲೇಬೇಕು ಅಂತಿಲ್ಲ. ಕಾಗೆಯ ಮಾತು ನಾನು ನಂಬುತ್ತೇನೆ, ಚಂದ್ರನದು ಸ್ವಲ್ಪ ಜಾಸ್ತಿಯಾಯಿತು. ಆದರೆ ದೇವೀರಿಯ ಸಂಗತಿ ಮಾತ್ರ ನಿಜ.

ದೇವೀರಿ ಆ ಊರಿನ ಕೆಂಪನಂಜಮ್ಮನ ಮನೆಗೆ ಸೊಸೆಯಾಗಿ ಬಂದವಳು. ಕೆಲಸಕ್ಕೆ ಕಳ್ಳಿಯಲ್ಲ, ಮಾತಿಗೆ ಮಾತ್ರ ಬಡವಿ. ಕೆಂಪನಂಜಮ್ಮನೂ ಕೆಟ್ಟವಳೇನಲ್ಲ, ಸುಲಭಕ್ಕೆ ಹೊಗಳುವವಳಲ್ಲ, ಅಷ್ಟೇ. ಸೊಸೆ ಕಸ ಗುಡಿಸಿದರೆ ಮೂಲೆ ನೋಡುವಳು, ರೊಟ್ಟಿ ತಟ್ಟಿದರೆ ಅಂಚು ನೋಡುವಳು. ಹೀಗಿರುವಾಗ ಒಂದು ದಿನ ದೇವೀರಿ ಸಾರು ಕಾಯಿಸುವ ಹಿತ್ತಾಳೆ ತಪ್ಪಲೆಯನ್ನು ಹುಣಸೆಹಣ್ಣು, ಮರಳು ಹಾಕಿ ಒಳಗೂ ಹೊರಗೂ ತಿಕ್ಕಿ ಜಗಲಿಯ ಮೇಲೆ ಬೋರಲು ಹಾಕಿದ್ದಳು. ಕೆಂಪನಂಜಮ್ಮ ಅದನ್ನೆತ್ತಿ ಬಿಸಿಲಿಗೆ ಹಿಡಿದು, ಪಕ್ಕದ ಮನೆಯವಳನ್ನು ಕೂಗಿ ಕರೆದು, ನನ್ನ ಸೊಸೆ ತಿಕ್ಕಿದರೆ ಹಿತ್ತಾಳೆಯೂ ಚಿನ್ನವಾಗುತ್ತೆ ನೋಡು ಅಂದಳಂತೆ. ಆ ಮನೆಯಲ್ಲಿ ದೇವೀರಿಯ ಕಿವಿಗೆ ಬಿದ್ದ ಮೊದಲನೇ ಒಳ್ಳೆಯ ಮಾತು ಅದು. ಅವತ್ತೆಲ್ಲ ಅವಳ ಕಾಲು ನೆಲದ ಮೇಲಿರಲಿಲ್ಲ. ಮಾರನೆಯ ದಿನವೂ ತಿಕ್ಕಿದಳು. ಅದರ ಮಾರನೆಯ ದಿನವೂ ತಿಕ್ಕಿದಳು.

ಆಮೇಲೆ ಶುರುವಾಯಿತು ನೋಡಿ. ಬೆಳಿಗ್ಗೆ ಕಾಯಿಸಿದ ಹುಳಿಸಾರು ಮಧ್ಯಾಹ್ನಕ್ಕೆ ಕಹಿ. ಮಾವ ಉಂಡು ಹೊಟ್ಟೆ ಹಿಡಿದುಕೊಂಡ. ನಾದಿನಿಯ ಮಗು ಉಂಡು ವಾಂತಿ ಮಾಡಿತು. ಪಾತ್ರೆಗೆ ಕಿಲುಬು ಹಿಡಿದಿದೆಯೇನೋ ಅಂತ ಕೆಂಪನಂಜಮ್ಮ ಬಗ್ಗಿ ನೋಡಿದಳು. ಹಸಿರಿನ ಒಂದು ಚುಕ್ಕೆಯೂ ಇಲ್ಲ, ತಪ್ಪಲೆ ಥಳಥಳ ಹೊಳೆಯುತ್ತಿದೆ. ಪಾತ್ರೆ ಸರಿ, ಬೇಳೆ ಸರಿ, ಬಾವಿಯ ನೀರು ಸರಿ, ಉಳಿದದ್ದು ಕೈ. ಕೈಗುಣ ಅಂತ ನಮ್ಮಲ್ಲಿ ಒಂದು ಮಾತಿದೆಯಲ್ಲ, ಊಟ ರುಚಿಯಾದರೂ ಅದೇ ಕಾರಣ, ಕೆಟ್ಟರೂ ಅದೇ ಕಾರಣ. ಇವಳ ಕೈಗುಣ ಸರಿಯಿಲ್ಲ ಅನ್ನುವ ಮಾತು ಒಲೆಯ ಮುಂದೆ ಹುಟ್ಟಿ, ಬಾವಿಕಟ್ಟೆಗೆ ನಡೆದು, ಅಲ್ಲಿಂದ ಊರೆಲ್ಲ ಅಡ್ಡಾಡಿತಂತೆ. ದೇವೀರಿಗೆ ಗೊತ್ತಿದ್ದ ಮದ್ದು ಒಂದೇ, ಇನ್ನೂ ಗಟ್ಟಿಯಾಗಿ ತಿಕ್ಕುವುದು. ಪಾಪ, ಅವಳು ತಿಕ್ಕಿದಷ್ಟೂ ಸಾರು ಕಹಿಯಾಯಿತು, ಕಹಿಯಾದಷ್ಟೂ ಅವಳು ತಿಕ್ಕಿದಳು.

ಅವಳ ಕೈಯೂ ನೋಡುವ ಹಾಗಿರಲಿಲ್ಲ. ಬೆರಳಿಗೊಂದು ಗಾಯ, ಗಾಯಕ್ಕೊಂದು ಬಟ್ಟೆಯ ಚೂರು. ಅದಕ್ಕೆ ಕಾರಣ ಆ ಮನೆಯ ಈಳಿಗೆಮಣೆ. ಒಬ್ಬರ ಮೇಲೆ ಹಗೆ ಇಟ್ಟುಕೊಂಡರೆ ಕತ್ತಿ ಮಸೀತಾರೆ ಅಂತೀವಲ್ಲ, ಆ ಮನೆಯ ಹಿಂದಿನ ತಲೆಮಾರಿನ ಯಾವಳೋ ಅಜ್ಜಿ ಆ ಮಾತನ್ನು ಇದ್ದ ಹಾಗೇ ನಂಬಿಬಿಟ್ಟಿದ್ದಳು. ಅತ್ತೆ ಸೊಸೆ ಇಬ್ಬರಿರುವ ಮನೆಯಲ್ಲಿ ಅಲಗು ಮಸೆಯಕೂಡದು, ಮಸೆದರೆ ಮನೆ ಒಡೆಯುತ್ತದೆ ಅಂತ ಕಟ್ಟು ಮಾಡಿಟ್ಟು ಸತ್ತಿದ್ದಳು. ಹಾಗಾಗಿ ಹುಸೇನಮ್ಮ ಬಂದಾಗಲೂ ಆ ಮನೆಯ ಈಳಿಗೆ ಹೊಸ್ತಿಲು ದಾಟುತ್ತಿರಲಿಲ್ಲ. ಮೊಂಡು ಅಂದರೆ ಅಂಥ ಮೊಂಡು, ಬದನೆಕಾಯಿ ಇಟ್ಟರೆ ಜಾರುತ್ತಿತ್ತು, ಕುಂಬಳಕಾಯಿ ಇಟ್ಟರೆ ಕೈಯೇ ಜಾರುತ್ತಿತ್ತು. ಬಟ್ಟೆ ಸುತ್ತಿದ ಬೆರಳು ನೋಡಿದವರು, ಕೈಗುಣ ಕೆಟ್ಟಿರುವುದಕ್ಕೆ ಇನ್ನೇನು ಸಾಕ್ಷಿ ಬೇಕು ಅಂದರಂತೆ.

ಕೊನೆಗೆ ಕೆಂಪನಂಜಮ್ಮ ಒಂದು ತೀರ್ಮಾನಕ್ಕೆ ಬಂದಳು. ಹಿರಿಯರ ಹಬ್ಬ ಹತ್ತಿರ ಬಂದಿತ್ತು. ಅವತ್ತು ಸತ್ತವರಿಗೆ ಎಡೆ ಇಡಬೇಕು, ನೆಂಟರು ಉಣ್ಣಬೇಕು. ಅವತ್ತಿನ ಅಡುಗೆಯೂ ಕೆಟ್ಟರೆ ದೇವೀರಿಯನ್ನು ತವರಿಗೆ ಕಳಿಸುವುದು, ಮತ್ತೆ ಕರೆಯುವುದಿಲ್ಲ. ಗಂಡ ಅನ್ನಿಸಿಕೊಂಡವನು ಬಾಯಿಗೆ ಕಡುಬು ತುರುಕಿಕೊಂಡವನ ಹಾಗೆ ಸುಮ್ಮನಿದ್ದ. ತವರು ಅಂದರೆ ದೇವೀರಿಗೆ ಏನಿತ್ತು? ಅಪ್ಪ ಇಲ್ಲ, ಅವ್ವ ಇಲ್ಲ. ಇದ್ದದ್ದು ಅಣ್ಣನ ಮನೆ, ಅದಕ್ಕೆ ಅತ್ತಿಗೆಯ ಬಾಗಿಲು. ಆ ಬಾಗಿಲು ಮದುವೆಯ ದಿನವೇ ಅರ್ಧ ಮುಚ್ಚಿತ್ತು. ಹಬ್ಬ ಬರುವುದೇ ಬೇಡ ಅಂತ ಅವಳು ದೇವರಿಗೆ ಹರಕೆ ಹೊತ್ತಳಂತೆ.

ಹಬ್ಬ ಬರುವ ಮೊದಲು ಹುಸೇನಮ್ಮ ಬಂದಳು. ಕೆಂಪನಂಜಮ್ಮ ನೀರಿನ ಕೊಳಗ, ಅನ್ನದ ಚರಿಗೆಯನ್ನು ಕಲಾಯಿಗೆ ಕಳಿಸಿದಳು, ಸಾರಿನ ತಪ್ಪಲೆ ಕಳಿಸಲಿಲ್ಲ. ಅಷ್ಟು ಹೊಳೆಯುವ ಪಾತ್ರೆಗೆ ಕಲಾಯಿ ಯಾಕೆ? ಪಾತ್ರೆ ಹೊತ್ತು ತಂದ ದೇವೀರಿಯ ಕೈ ನೋಡಿ ಹುಸೇನಮ್ಮ ತಿದಿ ಒತ್ತುವುದನ್ನು ನಿಲ್ಲಿಸಿದಳಂತೆ. ಏನಾಯಿತು ಮಗಳೇ ಅಂದಳು. ಯಾರೂ ಕೇಳದ ಮಾತನ್ನು ಅವಳು ಕೇಳಿದ್ದೇ ತಡ, ದೇವೀರಿಯ ಕಟ್ಟೆ ಒಡೆಯಿತು. ಈಳಿಗೆ, ಸಾರು, ಕೈಗುಣ, ತವರು ಎಲ್ಲವನ್ನೂ ಅತ್ತುಕೊಂಡೇ ಹೇಳಿದಳು. ಹುಸೇನಮ್ಮ ಸಾಂತ್ವನ ಹೇಳುವುದಕ್ಕೆ ಹೋಗಲಿಲ್ಲ, ಆ ತಪ್ಪಲೆ ತಗೊಂಡು ಬಾ ಅಂದಳು. ತಂದ ಮೇಲೆ ಅದರ ಹೊಟ್ಟೆಯೊಳಗೆ ನೋಡಿದಳು, ದೇವೀರಿಯ ಮುಖ ನೋಡಿದಳು, ತಪ್ಪಲೆಯನ್ನು ಸೊಂಟಕ್ಕೇರಿಸಿಕೊಂಡು ನೆಟ್ಟಗೆ ಕೆಂಪನಂಜಮ್ಮನ ಮನೆಗೆ ನಡೆದಳು.

ಅಲ್ಲಿ ಅವಳು ಜಗಳ ಆಡಲಿಲ್ಲ. ಮಧ್ಯಾಹ್ನ ನಿಮ್ಮ ಮನೆಯಲ್ಲೇ ಉಣ್ಣುತ್ತೇನೆ, ನಿನ್ನ ಕೈಗುಣ ಊರಿಗೇ ಗೊತ್ತು, ಈ ತಪ್ಪಲೆಯಲ್ಲಿ ನೀನೇ ಹುಳಿಸಾರು ಕಾಯಿಸು ಅಂದಳಂತೆ. ಪಕ್ಕದ ಮನೆಯವಳ ತಪ್ಪಲೆಗೆ ಆಗತಾನೇ ಕಲಾಯಿ ಹಾಕಿದ್ದಳು, ಅದರಲ್ಲಿ ಅದೇ ಬೇಳೆ, ಅದೇ ಹುಳಿ ಹಾಕಿ ದೇವೀರಿ ಕಾಯಿಸಲಿ ಅಂದಳು. ಹೊಗಳಿಕೆಗೆ ಕರಗದವರು ಯಾರು? ಕೆಂಪನಂಜಮ್ಮ ಸೆರಗು ಸಿಕ್ಕಿಸಿಕೊಂಡು ಒಲೆ ಹಚ್ಚಿದಳು. ಎರಡು ಸಾರೂ ಕುದಿದವು, ಎರಡನ್ನೂ ಮುಚ್ಚಿಟ್ಟರು. ಮಧ್ಯಾಹ್ನದವರೆಗೆ ದೇವೀರಿ ಒಲೆಯ ಹತ್ತಿರವೇ ಕೂತಿದ್ದಳು. ಅತ್ತೆಯ ಸಾರು ಚೆನ್ನಾಗಿದ್ದರೆ ತನ್ನ ಕಥೆ ಇವತ್ತೇ ಮುಗಿಯಿತು ಅಂತ ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ಕೆಂಪನಂಜಮ್ಮ ಮೊದಲು ತಾನು ಕಾಯಿಸಿದ್ದನ್ನೇ ನಾಲಿಗೆಗೆ ಹಚ್ಚಿಕೊಂಡಳು. ಹಚ್ಚಿಕೊಂಡವಳು ಎದ್ದು ಹಿತ್ತಲಿಗೆ ಹೋಗಿ ಉಗಿದು ಬಂದಳು. ಆಮೇಲೆ ಸೊಸೆಯ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಇನ್ನೊಂದು ಸಲ ಬಿಟ್ಟುಕೊಂಡು ನೆಕ್ಕಿದಳು. ನೋಡುತ್ತ ನಿಂತಿದ್ದ ದೇವೀರಿ ಎಷ್ಟೋ ತಿಂಗಳಿಂದ ಹಿಡಿದಿಟ್ಟಿದ್ದ ಉಸಿರನ್ನು ಅಲ್ಲಿ ಬಿಟ್ಟಳಂತೆ.

“ನನ್ನ ಕೈಗುಣನೂ ಕೆಟ್ಟೋಯ್ತಾ ಹುಸೇನಮ್ಮ?” ಅಂದಳು ಕೆಂಪನಂಜಮ್ಮ, ಸಣ್ಣ ದನಿಯಲ್ಲಿ.

ಈಗ ಒಂದು ಮಾತು ತಿಳಿದುಕೊಳ್ಳಿ. ಕಲಾಯಿ ಅಂತ ಪಾತ್ರೆಯ ಒಳಗೆ ಬಳಿಯುವ ಆ ಬಿಳಿ ಲೋಹಕ್ಕೆ ತವರ ಅಂತ ಹೆಸರು. ಹೊಸದರಲ್ಲಿ ಬೆಳ್ಳಗಿದ್ದರೂ ಬಳಸುತ್ತ ಬಳಸುತ್ತ ಅದು ಮಂಕಾಗುತ್ತದೆ, ಕೊಳೆಯ ಹಾಗೆ ಕಾಣುತ್ತದೆ, ಆದರೆ ಹುಳಿಗೂ ಹಿತ್ತಾಳೆಗೂ ನಡುವೆ ನಿಂತು ಮನೆಯವರ ಹೊಟ್ಟೆ ಕಾಯುವುದು ಅದೇ. ಹುಸೇನಮ್ಮ ತಪ್ಪಲೆಯ ಹೊಳೆಯುವ ಹೊಟ್ಟೆಯನ್ನು ಬೆಳಕಿಗೆ ಹಿಡಿದಳು.

“ಕೈ ಯಾರ್ದೂ ಕೆಟ್ಟಿಲ್ಲ ಕಣವ್ವ. ತಿಕ್ಕಿ ತಿಕ್ಕಿ ಇದರ ಕಲಾಯಿ ಹೊಂಟೋಗೈತೆ. ತವರ ಬೇಕಾಗಿರೋದು ಪಾತ್ರೆಗೆ, ನಿನ್ನ ಸೊಸೆಗಲ್ಲ.”

ಯಾವತ್ತೂ ಎದುರು ನಿಂತು ಮಾತಾಡದ ದೇವೀರಿ ಅವತ್ತು ಬಾಯಿ ಬಿಟ್ಟಳು.

“ಚಿನ್ನ ಆಯ್ತದೆ ಅಂದಿದ್ರಲ್ಲ ಅತ್ತೆ, ಅದ್ಕೇ ತಿಕ್ದೆ.”

ಕೆಂಪನಂಜಮ್ಮ ಅಲ್ಲೇ ಒಲೆಯ ಮುಂದೆ ಕುಸಿದು ಕೂತಳು. ಒಂದು ಒಳ್ಳೆಯ ಮಾತಿಗೆ ಈ ಹುಡುಗಿ ಇಷ್ಟು ಹಸಿದಿದ್ದಳಲ್ಲ, ತಾನು ಇನ್ನೊಂದು ಒಳ್ಳೆಯ ಮಾತು ಆಡಿದ್ದರೆ ಇವಳು ಪಾತ್ರೆ ತಿಕ್ಕುವುದನ್ನಾದರೂ ಬಿಡುತ್ತಿದ್ದಳಲ್ಲ ಅಂದುಕೊಂಡಳು. ಸೊಸೆಯ ಕೈ ಹಿಡಿದು ಬಟ್ಟೆಯ ಚೂರುಗಳನ್ನು ಒಂದೊಂದಾಗಿ ಬಿಚ್ಚಿ ಗಾಯಕ್ಕೆ ಅರಿಶಿನ ಹಚ್ಚಿದಳಂತೆ. ಹಚ್ಚುವಾಗ ಅತ್ತಳು ಅಂತ ಕೆಲವರು ಹೇಳುತ್ತಾರೆ, ಒಲೆಯ ಹೊಗೆ ಅಂತ ಅವಳು ಹೇಳಿದಳಂತೆ. ಒಲೆ ಆಗಲೇ ಆರಿತ್ತು.

ಆಮೇಲೆ ಹುಸೇನಮ್ಮ ಈಳಿಗೆಮಣೆ ಕೇಳಿದಳು. ಕೆಂಪನಂಜಮ್ಮ ಹಿಂದೆಮುಂದೆ ನೋಡಿ, ಮನೆಯ ಕಟ್ಟು ಏನಂತ ಹೇಳಿದಳು. ಹುಸೇನಮ್ಮ ನಕ್ಕುಬಿಟ್ಟಳಂತೆ. ಹಲ್ಲು ಮಸೆಯುವ ಮನೆ ಒಡೆಯುತ್ತೆ, ಈಳಿಗೆ ಮಸೆಯುವ ಮನೆ ಯಾಕೆ ಒಡೆಯುತ್ತೆ ಅಂದಳು. ಹರಿತ ಈಳಿಗೆ ಕಾಯಿ ಕುಯ್ಯುತ್ತೆ, ಮೊಂಡು ಈಳಿಗೆ ಕೈ ಕುಯ್ಯುತ್ತೆ ಅಂದಳು. ಆದರೆ ತಾನು ಮಸೆದುಕೊಡಲಿಲ್ಲ. ವರ್ಷಕ್ಕೊಂದು ಸಲ ಬರುವವಳನ್ನು ನಂಬಿ ದಿನಾ ಅಡುಗೆ ಮಾಡಲಾದೀತೇ? ಸಾಣೆಕಲ್ಲಿನಿಂದ ಒಡೆದಿದ್ದ ಒಂದು ಚೂರನ್ನು ನೀರಿನಲ್ಲಿ ನೆನೆಸಿ ಕೆಂಪನಂಜಮ್ಮನ ಕೈಗೇ ಕೊಟ್ಟಳು. ಮಣೆಯನ್ನು ಕಾಲಲ್ಲಿ ಒತ್ತಿಕೋ, ಕಲ್ಲನ್ನು ಅಲಗಿನ ಮೈಗೆ ಮಲಗಿಸು, ಬುಡದಿಂದ ತುದಿಗೆ ಎಳೆ, ಅವಸರ ಬೇಡ, ಎರಡು ಮಗ್ಗುಲಿಗೂ ಸಮನಾಗಿ, ಮಗುವಿನ ಬೆನ್ನು ಸವರಿದ ಹಾಗೆ ಅಂತ ಹೇಳಿಕೊಟ್ಟಳು. ಅತ್ತೆ ಮಸೆದಳು, ಸೊಸೆ ನೀರು ಚಿಮುಕಿಸಿದಳು. ಕೊನೆಗೆ ವೀಳ್ಯದೆಲೆಯೊಂದನ್ನು ಅಲಗಿಗೆ ತಾಗಿಸಿದರೆ ಸದ್ದಿಲ್ಲದೆ ಎರಡಾಯಿತಂತೆ.

ಸಂಜೆಗೆ ತಪ್ಪಲೆಯೂ ಬೆಂಕಿಗೆ ಹೋಯಿತು. ಕಾದ ಹೊಟ್ಟೆಗೆ, ತವರ ಹಿಡಿಯಲಿ ಅಂತ ನವಸಾಗರದ ಪುಡಿ ಎರಚಿದಾಗ ಬಿಳಿ ಹೊಗೆ ಎದ್ದಿತು. ಹುಸೇನಮ್ಮ ತವರದ ಕಡ್ಡಿ ತಾಗಿಸಿ ಹತ್ತಿಯಿಂದ ಒಂದು ಸುತ್ತು ಸವರಿದಳು, ಚಿನ್ನದ ಬಣ್ಣವೆಲ್ಲ ಮುಚ್ಚಿ ಬೆಳ್ಳಗಾಯಿತು. ಹೊರಗೆ ಎಷ್ಟು ಬೇಕಾದರೂ ತಿಕ್ಕು, ಒಳಗೆ ಬಟ್ಟೆಯಲ್ಲಿ ಒರೆಸು ಸಾಕು ಅಂತ ದೇವೀರಿಗೆ ಹೇಳಿದಳು. ಹಬ್ಬದ ದಿನ ಎಡೆಯ ಸಾರು ದೇವೀರಿಯೇ ಕಾಯಿಸಿದಳು. ಬಂದ ನೆಂಟರು ಬಡಿಸಿಕೊಂಡು ಉಂಡು, ತಪ್ಪಲೆಯ ತಳ ಕಾಣಿಸಿದರಂತೆ. ತವರಿಗೆ ಕಳಿಸುವ ಮಾತು ಆ ಮನೆಯಲ್ಲಿ ಮತ್ತೆ ಹುಟ್ಟಲಿಲ್ಲ.

ಹುಸೇನಮ್ಮ ಯಾವ ವರ್ಷ ಬರುವುದನ್ನು ನಿಲ್ಲಿಸಿದಳೋ ಯಾರಿಗೂ ಗೊತ್ತಿಲ್ಲ. ಆದರೆ ಗಿಡ್ಡೇನಪಾಳ್ಯದಲ್ಲಿ ಹಿರಿಯರ ಹಬ್ಬದ ದಿನ ಅವಳ ಹೆಸರಿಗೂ ಒಂದು ಎಲೆ ಹಾಕುತ್ತಾರೆ. ಇವಳು ನಮ್ಮ ಪೈಕಿಯವಳಾ ಅಂತ ಯಾವ ಹಿರಿಯರೂ ಇಲ್ಲಿಯವರೆಗೆ ತಕರಾರು ತೆಗೆದಿಲ್ಲ. ಸಾರು ಕೆಟ್ಟರೆ ಅಲ್ಲಿ ಕಾಯಿಸಿದವಳ ಮುಖ ನೋಡುವುದಿಲ್ಲ, ಮೊದಲು ಪಾತ್ರೆ ಬಗ್ಗಿಸಿ ಅದರ ಹೊಟ್ಟೆ ನೋಡುತ್ತಾರೆ. ಈಗ ಮನೆಮನೆಯಲ್ಲೂ ಸ್ಟೀಲು, ಕಲಾಯಿಯ ಗೊಡವೆಯೇ ಇಲ್ಲ, ಆದರೂ ನೋಡುತ್ತಾರೆ. ಸೊಸೆ ಬೆರಳು ಕುಯ್ದುಕೊಂಡರೆ ಆ ಊರಲ್ಲಿ ಅವಳನ್ನು ಯಾರೂ ಬೈಯುವುದಿಲ್ಲ. ಅತ್ತೆಯೇ ಎದ್ದು ಹೋಗಿ ಕಲ್ಲಿನ ಚೂರನ್ನು ನೀರಿಗೆ ಹಾಕುತ್ತಾಳೆ.