ಏಳನೆಯ ಸಾಲಿನ ಮೂರನೆಯ ಕಬ್ಬು

ಹೊಳೆ ದಂಡೆಯ ಆ ಆಶ್ರಮದಲ್ಲಿ ಪೂಜೆ ಕಡಿಮೆ, ಕಬ್ಬು ಜಾಸ್ತಿ. ಮುರಿಗೆಜ್ಜ ಎಂಬ ಗುರುಗಳು ಅಲ್ಲಿ ಕಬ್ಬಿನ ಹೊಸ ತಳಿ ಹುಡುಕುತ್ತಿದ್ದರು. ಅಡಿವೆಪ್ಪ ಅವರ ಶಿಷ್ಯ. ಎಲ್ಲ ಬಿಟ್ಟು ಬಂದವನು, ಪ್ರಶ್ನೆ ಕೇಳುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಊರವರೆಲ್ಲ ಕಬ್ಬಿನ ತುಂಡು ನೆಡುತ್ತಾರೆ. ಅಜ್ಜ ಹಾಗಲ್ಲ. ಹೊಳೆಯಂಚಿನ ಕಾಡುಕಬ್ಬಿನ ಹೂ ತಂದು ಸಿಹಿಕಬ್ಬಿನ ಹೂವಿನ ಮೇಲೆ ಝಾಡಿಸಿ, ಅದು ಕಟ್ಟಿದ ಬೀಜವನ್ನು ಬಿತ್ತುತ್ತಿದ್ದರು.

"ಅಜ್ಜಾರ, ತುಂಡು ನೆಟ್ಟರ ಏನಾಕ್ಕೈತ್ರಿ?"

"ಅವ್ವನ ಮತ್ತ ಹುಟ್ಟತಾಳ."

"ಬೀಜ ಬಿತ್ತಿದರ?"

"ಮಕ್ಕಳು ಹುಟ್ಟತಾವ. ಒಂದರಂಗ ಒಂದು ಇರೂದಿಲ್ಲ."

"ಅದರಾಗ ಗಟ್ಟಿ ಯಾವುದು ಅಂತ ಹೆಂಗ ಗೊತ್ತಾಕ್ಕೈತ್ರಿ?"

"ಕಬ್ಬನ್ನ ಕೇಳು."

ಹೇಗೆ ಕೇಳುವುದು ಎಂಬುದನ್ನು ಅಜ್ಜ ಮರುದಿನ ಮಾಡಿಯೇ ತೋರಿಸಿದರು. ಕಾಡಿಗೆ ರೋಗ ಹತ್ತಿದ ಕಬ್ಬನ್ನು ಎಲ್ಲಿಂದಲೋ ತಂದು ಸಸಿಗಳ ಸಾಲುಗಳ ನಡುವೆ ನೆಟ್ಟರು. ಆ ರೋಗ ಬಂದರೆ ಕಬ್ಬಿನ ಸುಳಿಯಿಂದ ಕರಿ ಚಾಟಿಯಂಥದೊಂದು ಹೊರಡುತ್ತದೆ. ಅದು ಒಡೆದರೆ ಕಪ್ಪು ಪುಡಿ ಗಾಳಿಗೆ ಹಾರಿ ಹೊಲಕ್ಕೆಲ್ಲ ರೋಗ ಹರಡುತ್ತದೆ.

ಬೇಸಿಗೆ ಬಂತು. ಅಜ್ಜ ನೀರನ್ನೂ ನಿಲ್ಲಿಸಿದರು. ಕಾಂಡ ಕೊರೆಯುವ ಹುಳು ಕಾಣಿಸಿಕೊಂಡಿತು. ಬರಲಿ ಬಿಡು ಎಂದರು.

ಅಡಿವೆಪ್ಪನಿಗೆ ತಡೆಯಲಾಗಲಿಲ್ಲ.

"ಇದೇನ್ ಅನ್ಯಾಯರೀ ಅಜ್ಜಾರ! ರೋಗಾನ ನಾವ ಕರದು ಮಣಿ ಹಾಕಿ ಕೂಡಿಸಿದಂಗಾತು."

"ಹೌದು. ಊಟಕ್ಕೂ ಹಾಕು."

ಏಳನೆಯ ಸಾಲಿನಲ್ಲಿ ಮೂರನೆಯದೊಂದು ಕಬ್ಬಿತ್ತು. ದಪ್ಪ ಕಾಂಡ, ಗೇಣುದ್ದದ ಗಣ್ಣು. ಅಡಿವೆಪ್ಪ ಒಂದು ತುಂಡು ಅಗಿದು ನೋಡಿದ. ಅದರ ಸಿಹಿಗೆ ಅಂದೇ ಸೋತ.

ಆಮೇಲೆ ದಿನಾ ನಸುಕಿನಲ್ಲಿ ಹೊಳೆಯಿಂದ ಒಂದು ಕೊಡ ನೀರು ತಂದು ಅದರ ಬುಡಕ್ಕೆ ಸುರಿದ. ಎಲೆ ಮಗುಚಿ ಹುಳುವಿನ ಮೊಟ್ಟೆ ಕೆರೆದು ತೆಗೆದ. ಸುತ್ತಲ ರೋಗದ ಕಬ್ಬುಗಳಲ್ಲಿ ಕರಿ ಚಾಟಿ ಹೊರಟರೆ, ಒಡೆಯುವ ಮೊದಲೇ ಕೊಯ್ದು ಮಣ್ಣಲ್ಲಿ ಹೂತ. ಬಂಧನ ಬೇಡವೆಂದು ಮನೆ ಬಿಟ್ಟವನು ಒಂದು ಕಬ್ಬಿನ ಬುಡಕ್ಕೆ ಕಟ್ಟಿಬಿದ್ದ.

ಅಜ್ಜನಿಗೆ ಮಂಡಿನೋವು. ಆ ತುದಿಗೆ ಅವರು ಬರುವುದೇ ಅಪರೂಪ.

ಹೀಗೆ ಎರಡು ವರ್ಷ ಕಳೆಯಿತು. ನೂರಾರು ಸಸಿಗಳಲ್ಲಿ ಉಳಿದವು ನಾಲ್ಕೈದು. ಹನ್ನೆರಡನೆಯ ಸಾಲಿನಲ್ಲಿ ಒಂದು ಸಣಕಲು, ಸೊಟ್ಟ ಕಬ್ಬು ಉಳಿದಿತ್ತು. ಏಳನೆಯ ಸಾಲಿನದು ಎರಡಾಳು ಎತ್ತರ ನಿಂತಿತ್ತು.

ಒಂದು ದಿನ ಆಚೆ ದಂಡೆಯ ಬಾಳವ್ವ ಬಂದಳು. ತನ್ನ ಹೊಲ ತಾನೇ ಮಾಡುವ ಹೆಂಗಸು.

"ಅಜ್ಜಾರ, ಎರಡು ವರ್ಷ ಆತು, ನನ್ನ ಹೊಲದಾಗ ಬರೇ ಕರಿ ಚಾಟಿ. ಈ ಸಲಾನೂ ಹಂಗಾದರ ಕಬ್ಬಿನ ಸಹವಾಸನ ಸಾಕು. ಒಂದು ಗಟ್ಟಿ ತಳಿ ಕೊಡ್ರಿ."

ಅಜ್ಜ ಶಿಷ್ಯನ ಕಡೆ ತಿರುಗಿದರು. "ಯಾವುದು ಕೊಡೂನು?"

ಈ ಮಾತಿಗಾಗಿಯೇ ಅಡಿವೆಪ್ಪ ಎರಡು ವರ್ಷ ಕಾದಿದ್ದ. ಇಬ್ಬರನ್ನೂ ಏಳನೆಯ ಸಾಲಿಗೆ ಕರೆದೊಯ್ದ.

"ಅಯ್ ಶಿವನ! ಏನ್ ಕಬ್ಬ ಇದು!" ಬಾಳವ್ವ ಬಾಯಿ ಮೇಲೆ ಕೈಯಿಟ್ಟಳು.

ಅಜ್ಜ ಕಬ್ಬನ್ನು ನೋಡಲಿಲ್ಲ, ನೆಲ ನೋಡಿದರು. ಹೊಳೆಯಿಂದ ಆ ಬುಡದವರೆಗೆ ಒಂದು ಕಾಲುದಾರಿ ನುಣ್ಣಗೆ ಸವೆದಿತ್ತು. ಬೇರೆ ಯಾವ ಕಬ್ಬಿಗೂ ದಾರಿ ಇರಲಿಲ್ಲ.

"ಬಾಳವ್ವ, ನಿನ್ನ ಹೊಲ ಎಷ್ಟು?"

"ಎರಡ ಎಕರೆರೀ."

"ಎಷ್ಟು ಬುಡ ಕಬ್ಬು ಹಿಡಿತೈತಿ?"

"ಯಾರು ಎಣಿಸ್ಯಾರ್ರೀ? ಹತ್ತು ಹನ್ನೆರಡು ಸಾವಿರ ಇದ್ದಾವು."

"ಅಡಿವೆಪ್ಪಾ, ಬಟ್ಟಿ ಗಂಟು ಕಟ್ಟು."

"ಎಲ್ಲಿಗ್ರಿ?"

"ಬಾಳವ್ವನ ಹೊಲಕ್ಕ. ಈ ಕಬ್ಬಿನ ಕೂಡ ನಿನ್ನೂ ಕೊಟ್ಟು ಕಳಸಬೇಕಲ್ಲ. ದಿನಾ ಮುಂಜಾನೆ ಹನ್ನೆರಡು ಸಾವಿರ ಕೊಡ ನೀರು. ಆಕ್ಕೈತಿಲ್ಲೋ?"

ಅಡಿವೆಪ್ಪ ಕೈಗಳನ್ನು ಬೆನ್ನ ಹಿಂದೆ ಸರಿಸಿದ. ಉಗುರ ಸಂದಿಯಲ್ಲಿ ಕರಿ ಚಾಟಿಯ ಪುಡಿ ಇನ್ನೂ ಕಪ್ಪಗಿತ್ತು. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟ. ಭೂಮಿ ಬಾಯಿಬಿಡಬಾರದೇ ಅನಿಸಿತು ಅವನಿಗೆ.

"ಅಂದರ ಈ ಕಬ್ಬು ರೋಗ ತಡಿಯೂದಿಲ್ಲೇನ್ರಿ?" ಬಾಳವ್ವ ಕೇಳಿದಳು.

"ಗೊತ್ತಿಲ್ಲ ತಂಗಿ. ಕೇಳಾಕ ಹೋದಾವ ಉತ್ತರಾನೂ ತಾನ ಹೇಳಿ ಬಂದಾನ."

ಅಜ್ಜ ಕುಂಟುತ್ತ ಹನ್ನೆರಡನೆಯ ಸಾಲಿಗೆ ಹೋಗಿ, ಆ ಸೊಟ್ಟ ಕಬ್ಬನ್ನು ಕಡಿದು ಸಿವುಡು ಕಟ್ಟಿ ಕೊಟ್ಟರು.

ಬಾಳವ್ವನ ಮುಖ ಸಣ್ಣದಾಯಿತು. "ಇದೇನ್ರಿ ಅಜ್ಜಾರ, ಜ್ವರದಾಗಿಂದ ಎದ್ದವರಂಗ ಐತಿ."

"ಜ್ವರದಾಗಿಂದನ ಎದ್ದೈತಿ. ಅದಕ್ಕ ಕೊಡಾಕತ್ತೇನಿ. ಮೊದಲ ಒಂದು ಮೂಲ್ಯಾಗ ಹಚ್ಚಿ ನೋಡು."

ಅವಳು ಒಂದು ಚೂರು ಅಗಿದಳು. "ಸಪ್ಪಗೇನಿಲ್ಲ. ನಡೀತೈತಿ," ಎಂದು ಸಿವುಡು ತಲೆಗೇರಿಸಿಕೊಂಡು ಹೋದಳು.

ಅಡಿವೆಪ್ಪ ನಿಂತಲ್ಲೇ ನಿಂತಿದ್ದ. "ನನ್ನ ಕಬ್ಬು ಸುಟ್ಟು ಹಾಕಬೇಕೇನ್ರಿ?"

"ಅದೇನು ತಪ್ಪು ಮಾಡೈತೋ?"

ಅಂದು ಮಧ್ಯಾಹ್ನ ಅಡಿವೆಪ್ಪ ಆ ಕಬ್ಬಿನಿಂದ ಮೂರು ತುಂಡು ಕಡಿದ. ಹೊಳೆಯಿಂದ ದೂರ, ರೋಗದ ಕಬ್ಬುಗಳ ನಟ್ಟನಡುವೆ ತಾನೇ ನೆಟ್ಟ. ಕೊಡವನ್ನು ಒಯ್ದು ಅಜ್ಜನ ಮುಂದಿಟ್ಟ.

"ಇದು ನಿಮ್ಮ ಹತ್ರ ಇರಲಿ ಅಜ್ಜಾರ. ನನ್ನ ಕೈ ಮ್ಯಾಲೆ ನನಗ ನಂಬಿಕಿಲ್ಲ."

ಮತ್ತೆ ಬೇಸಿಗೆ ಬಂತು. ಮೂರೂ ಕಬ್ಬಿನ ಎಲೆ ಸುರುಳಿ ಸುತ್ತಿಕೊಂಡವು. ಅಡಿವೆಪ್ಪನಿಗೆ ನಸುಕಿನಲ್ಲಿ ತಾನಾಗಿಯೇ ಎಚ್ಚರವಾಗುತ್ತಿತ್ತು. ಹೋಗಿ ಬದುವಿನ ಮೇಲೆ ಕೂರುತ್ತಿದ್ದ, ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು. ಕೆಲವು ದಿನ ಅಳುವೂ ಬರುತ್ತಿತ್ತು.

ಒಂದು ಮುಂಜಾನೆ ಅಜ್ಜ ಕುಂಟುತ್ತ ಬಂದು ಪಕ್ಕದಲ್ಲಿ ಕೂತರು. ಅವರ ಕಣ್ಣೆದುರಿಗೇ ಒಂದು ಕರಿ ಚಾಟಿ ಒಡೆಯಿತು. ಕಪ್ಪು ಪುಡಿ ಗಾಳಿಗೆ ತೇಲಿ ಆ ಮೂರು ಕಬ್ಬುಗಳ ಮೇಲೆ ನಿಧಾನ ಇಳಿಯಿತು.

"ಅಜ್ಜಾರ, ಉಳಿತೈತೇನ್ರಿ ಇದು?"

"ನನಗೂ ಗೊತ್ತಿಲ್ಲೋ. ಈಗ ಕೇಳೇವಿ. ಅದು ಹೇಳೂತನಕ ಸುಮ್ಮನ ಕೂಡು."