ತೊಡೆ ಕೇಳಿದ ಅಜ್ಜನವರು

ದೊಡ್ಡಾಸ್ಪತ್ರೆಯ ಹಿಂದಿನ ತಗಡಿನ ಮಠದಲ್ಲಿ ಪೂಜ್ಯ ಮರುಳಯ್ಯಜ್ಜನವರು ಅಂದು ದಾಸೋಹಕ್ಕೆಂದು ರಾಜಗಿರಿ ಸೊಪ್ಪು ಸೋಸುತ್ತಿದ್ದರು. ಅವರ ಪೀಠವೆಂದರೆ ಒಂದು ಗೋಣಿತಟ್ಟು. ಕಂಬಕ್ಕೊರಗಿದ ಭಕ್ತರು ಪ್ರಸಾದಕ್ಕೆ ಕಾಯುತ್ತಿದ್ದರೇ ಹೊರತು ಸೊಪ್ಪಿಗೆ ಕೈ ಹಚ್ಚಿದ ಪುಣ್ಯಾತ್ಮರು ಒಬ್ಬರೂ ಇರಲಿಲ್ಲ.

ಆಗ ರುದ್ರವ್ವ ಬಂದಳು. ಕಂಕುಳಲ್ಲಿ ಮೂರು ವರ್ಷದ ಮಗಳು ದಾಕ್ಷಾಯಣಿ, ಹೆಗಲಲ್ಲಿ ಬಟ್ಟೆಯ ಚೀಲ. ಚಿಕಿತ್ಸೆ ಅರ್ಧಕ್ಕೇ ಬಿಟ್ಟು ಊರಿನ ಬಸ್ಸಿಗೆ ಹೊರಟಿದ್ದಳು. ಬಿಟ್ಟರೆ ಮಗು ಉಳಿಯದೆಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೂ ಒಬ್ಬಳ ಕೈಲಿ ಇನ್ನಾಗದು ಎನಿಸಿಬಿಟ್ಟಿತ್ತು. ದಾರಿಯಲ್ಲಿ ಮಠ ಕಂಡಿತು. ದೇವರಿಗೆ ನಾಲ್ಕು ಬೈದೇ ಹೋಗೋಣವೆಂದು ಒಳಗೆ ನುಗ್ಗಿದಳು.

ಮಗುವಿನ ಬೋಳುತಲೆ ಕಂಡು ಅಜ್ಜನವರು ಜವಳವಾಗಿದೆಯೆಂದು ತಿಳಿದರು. ನಮ್ಮ ಕಡೆ ಜವಳಕ್ಕೆ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ಮೊದಲ ಕೂದಲು ತೆಗೆಸುತ್ತಾರೆ. ನಗುತ್ತಲೇ ಕೇಳಿದರು:

"ಯಾರ ತೊಡಿ ಮ್ಯಾಲ ಕುಂದ್ರಿಸಿದ್ರಿ, ತಂಗಿ?"

ರುದ್ರವ್ವನ ಮೈಯೆಲ್ಲ ಉರಿದುಹೋಯಿತು.

"ಯಾವ ತೊಡಿರೀ? ಇವು ಕ್ಯಾನ್ಸರ್ ಔಷಧಕ್ಕ ಉದುರಿದ ಕೂದಲ! ರೋಗದ ಹೆಸರು ಕೇಳಿದ ದಿನಾನ ಇಕಿ ಅಪ್ಪ ಓಡಿಹೋದ. ನಮ್ಮಣ್ಣ ಫೋನ್ ಎತ್ತಂಗಿಲ್ಲ. ಬಂದವರೆಲ್ಲ 'ನೀ ಗಟ್ಟಿಗಿತ್ತಿ' ಅಂತಾರ, ಬಾಳೆಹಣ್ಣು ಇಟ್ಟು ಹೊಂಟುಹೋಗ್ತಾರ. ಕೂಸಿನ್ನ ಒಂದ್ ಗಳಿಗಿ ಹಿಡದವರಿಲ್ಲ. ನಾ ನಿದ್ದಿ ಮಾಡೂದು ಯಾವಾಗ, ಉಣ್ಣೂದು ಯಾವಾಗ? ನಿಮ್ಮ ದೇವರಿಗೆ ಕಣ್ಣಿಲ್ಲೇನು?"

ಕಂಬಕ್ಕೊರಗಿದ್ದ ಭಕ್ತ, ದಲಾಲಿ ಅಂಗಡಿಯ ವೀರಭದ್ರಪ್ಪ ಕುಳಿತಲ್ಲಿಂದಲೇ ಸಮಾಧಾನ ಹೇಳಿದ: "ಹಂಗನಬ್ಯಾಡವಾ. ತಡಕೊಳ್ಳೋರಿಗೇ ದೇವರು ಕಷ್ಟ ಕೊಡ್ತಾನ. ನೀ ಗಟ್ಟಿಗಿತ್ತಿ."

ಅಜ್ಜನವರು ಸೊಪ್ಪಿನ ಬುಟ್ಟಿಯನ್ನು ಅವನತ್ತ ನೂಕಿದರು. ಅವರ ದನಿ ಅಷ್ಟು ಏರಿದ್ದನ್ನು ಅಲ್ಲಿದ್ದವರು ಕೇಳಿದ್ದೇ ಇಲ್ಲ.

"ಬಾಯಿ ಮುಚ್ಚು! ಗಟ್ಟಿಗಿತ್ತಿ ಅಂದುಬಿಟ್ರ ನಿನ್ನ ಕೆಲಸ ಮುಗೀತೇನು?"

ಆಮೇಲೆ ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕುಳಿತು, ರುದ್ರವ್ವನ ಕಡೆ ಕೈ ನೀಡಿದರು.

"ತಪ್ಪು ಕೇಳಿದೆ, ತಂಗಿ. ತೊಡಿ ಇಲ್ಲೈತಿ. ಕೂಸು ಕೊಡು. ನೀ ಉಂಡು ಮಲಕೋ."

ಅವಳಿಗೆ ಕೊಡುವ ಮನಸ್ಸಿರಲಿಲ್ಲ, ಸಿಟ್ಟೂ ಇಳಿದಿರಲಿಲ್ಲ. ಆದರೆ ಇಷ್ಟು ದಿನದಲ್ಲಿ ಮಗುವನ್ನು ಕೊಡು ಎಂದು ಕೇಳಿದವರು ಅವರೊಬ್ಬರೇ. ಕೊಟ್ಟಳು. ಉಂಡಳು. ಕೈ ತೊಳೆದು ಅಲ್ಲೇ ಒರಗಿದವಳು ಎದ್ದಾಗ ಸಂಜೆಯಾಗಿತ್ತು, ಊರಿನ ಬಸ್ಸು ಹೋಗಿತ್ತು. ದಾಕ್ಷಾಯಣಿ ಅಜ್ಜನವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಜೋಮು ಹಿಡಿದ ಕಾಲನ್ನು ಆ ಪುಣ್ಯಪುರುಷರು ಅಲುಗಿಸಿರಲಿಲ್ಲ. ವೀರಭದ್ರಪ್ಪ ತಲೆ ತಗ್ಗಿಸಿ ರಾತ್ರಿಯ ಸೊಪ್ಪು ಸೋಸುತ್ತಿದ್ದ.

ಅಂದು ಚೀಲ ಹೊತ್ತು ರುದ್ರವ್ವನನ್ನು ಆಸ್ಪತ್ರೆಗೆ ಮರಳಿ ಕರೆದೊಯ್ದವನೂ ಅವನೇ. ಮರುದಿನದಿಂದ ಮಠದ ಭಕ್ತರು ಪಾಳಿಯ ಮೇಲೆ ಅವಳ ಮಗುವಿನ ಬಳಿ ಕೂತರು. ಪವಾಡ ಕೇಳುವವರಿಗೆ ಹೇಳಲು ನಮ್ಮಲ್ಲಿ ಬೇರೆ ಪವಾಡವಿಲ್ಲ. ಚಿಕಿತ್ಸೆ ಪೂರ್ತಿಯಾಯಿತು, ಕೂದಲು ಮತ್ತೆ ಬಂತು.

ಮುಂದೊಮ್ಮೆ ರುದ್ರವ್ವ ಮಗಳ ತಪಾಸಣೆಗೆ ಹೋದಾಗ, ಹೆಂಡತಿ ತೀರಿಕೊಂಡ ಒಬ್ಬ ತಂದೆ ಕಾಯಿಲೆಯ ಮಗನನ್ನು ಹೊತ್ತು ವಾರ್ಡಿನ ಬಾಗಿಲಲ್ಲಿ ತೂಕಡಿಸುತ್ತಿದ್ದ. ಯಾರೋ ಬೆನ್ನು ತಟ್ಟಿ "ನೀ ಗಟ್ಟಿಗ ಬಿಡಪಾ" ಎಂದರು. ರುದ್ರವ್ವ ಅವರನ್ನು ಸುಟ್ಟುಬಿಡುವಂತೆ ನೋಡಿದಳು. ಸೀರೆಯ ನೆರಿಗೆ ಒತ್ತರಿಸಿ ನೆಲದ ಮೇಲೆ ಕುಳಿತಳು.

"ಯಣ್ಣಾ, ತೊಡಿ ಇಲ್ಲೈತಿ. ಕೂಸು ಕೊಡು. ನೀ ಉಂಡು ಬಾ."