ವಿಭೂತಿ ಹಚ್ಚಿದ ಪಾನಾ

ಮಲಪ್ರಭೆಯ ದಂಡೆಯಲ್ಲೊಂದು ಸಣ್ಣ ಆಶ್ರಮ. ಅಲ್ಲಿ ನಿರುಪಾದಯ್ಯ ಎಂಬ ಗುರುಗಳು, ತೋಟಪ್ಪ ಎಂಬ ಶಿಷ್ಯ, ಮತ್ತು ಕೆಟ್ಟು ನಿಂತ ಒಂದು ಗೂಡ್ಸ್ ಆಟೋ.

ಓಡುತ್ತಿದ್ದಾಗ ಆ ಆಟೋ ದಂಡೆಯ ಜನರ ಕಾಯಿಪಲ್ಲೆಯನ್ನು ಸಂತೆಗೆ, ಮುದುಕರನ್ನು ದವಾಖಾನೆಗೆ ಮುಟ್ಟಿಸುತ್ತಿತ್ತು. ಓಡಿಸುವವನು ತೋಟಪ್ಪ. ಧ್ಯಾನಕ್ಕೆ ಕೂತರೆ ತೂಕಡಿಸುವ ಅವನ ಮನಸ್ಸು ಆ ಮೂರು ಗಾಲಿಗಳ ಮೇಲೆ ಮಾತ್ರ ಒಂದು ಕಡೆ ನಿಲ್ಲುತ್ತಿತ್ತು.

ಈಗ ಅದು ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು.

“ಪ್ಯಾಟಿ ಗ್ಯಾರೇಜಿಗೆ ಕೊಡೂದು ಬ್ಯಾಡ್ರಿ ಅಜ್ಜಾರ,” ಎಂದ ತೋಟಪ್ಪ. “ಖಾಲಿ ಬಿದ್ದ ದನದ ಕೊಟಗಿನ ಗ್ಯಾರೇಜ್ ಮಾಡ್ಕೋತೀನಿ. ನಾನ ರಿಪೇರಿ ಮಾಡ್ತೀನಿ.”

“ಮಾಡು. ಆದ್ರ ಎಳ್ಳಮಾಸಿ ದಿನ ಚರಗದ ಬುಟ್ಟಿ ಅದರಾಗ ಹೊಲಕ್ಕ ಹೋಗಬೇಕು. ಇಲ್ಲಂದ್ರ ಗುಜರಿಯವ ಬರ್ತಾನ.”

ತೋಟಪ್ಪ ಒಪ್ಪಿಕೊಂಡ. ಹೊಲದಲ್ಲಿ ಭೂಮಿತಾಯಿಗೆ ನೈವೇದ್ಯ ಚೆಲ್ಲುವ ಆ ಎಳ್ಳು ಅಮಾವಾಸ್ಯೆ ಹಬ್ಬ ಇನ್ನೂ ದೂರವಿತ್ತು.

ಅವನು ಮೊದಲು ಕೊಟ್ಟಿಗೆಯ ನೆಲಕ್ಕೆ ಸಿಮೆಂಟು ಹಾಕಿ ಹಸಿರು ಬಣ್ಣ ಬಳಿದ. ಗೋಡೆಗೆ ಸುಣ್ಣ ಹೊಡೆದ. ಹಳೆಯ ಬಾಗಿಲೊಂದನ್ನು ಗೋಡೆಗೆ ಬಡಿದು, ಮೊಳೆ ಹೊಡೆದು, ನಟ್ಟು ಬಿಚ್ಚುವ ಪಾನಾ, ಇಕ್ಕಳ, ಸುತ್ತಿಗೆಗಳನ್ನು ಸಾಲಾಗಿ ತೂಗುಹಾಕಿದ. ಒಂದೊಂದರ ಸುತ್ತಲೂ ಅದರದೇ ಆಕಾರಕ್ಕೆ ಕೆಂಪು ಗೆರೆ ಎಳೆದ. ನಟ್ಟು ಬೋಲ್ಟುಗಳು ಉಪ್ಪಿನಕಾಯಿ ಭರಣಿ ಸೇರಿದವು.

ನೋಡಲು ಬಂದವರೆಲ್ಲ ಹೊಗಳಿದರು. ಗಿರಾಕಿ ಅಂಗಡಿಯ ಕಪಾಟನ್ನು ಹೊಗಳತೊಡಗಿದರೆ ಸರಕು ಮಾರಾಟವಾಗುವುದಿಲ್ಲ ಎಂದು ಅವನಿಗೆ ಹೇಳುವವರಿರಲಿಲ್ಲ.

ಮಹಾನವಮಿ ಬಂತು. ತೋಟಪ್ಪ ಪ್ರತಿಯೊಂದು ಪಾನಾಕ್ಕೂ ಮೂರು ಬೆರಳ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂ ಏರಿಸಿ ಖಂಡೆ ಪೂಜೆ ಮಾಡಿದ. ಅಂದು ಆಯುಧ ಮುಟ್ಟುವಂತಿಲ್ಲ. ಮರುದಿನ ಮುಟ್ಟಬೇಕು.

ಮರುದಿನ ಅವನು ಮುಟ್ಟಲಿಲ್ಲ. ವಿಭೂತಿ ಅಷ್ಟು ಚಂದ ಕೂತಿತ್ತು.

“ಗಾಡಿ ಎಲ್ಲಿಗೆ ಬಂತೋ?” ಎಂದು ಗುರುಗಳು ಒಮ್ಮೆ ಕೇಳಿದರು.

“ಸೀಟಿಗೆ ಹೊಸಾ ರೆಕ್ಸಿನ್ ಹೊಲಿಸೀನ್ರಿ.”

ಇನ್ನೊಮ್ಮೆ ಕೇಳಿದರು. “ಇಂಜಿನ್ನು?”

“ಹಾರ್ನ್ ಬದಲಿ ಮಾಡೀನ್ರಿ. ಕೇಳ್ರಿಲ್ಲೆ.”

ಹಾರ್ನ್ ಒತ್ತಿದ. ನದಿಯಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

“ಭಾರೀ ಐತಿ,” ಎಂದರು ಗುರುಗಳು. “ನಿಂತಲ್ಲೇ ನಿಂತು ಹಾದಿ ಬಿಡಸತೈತಿ.”

ತೋಟಪ್ಪನಿಗೆ ರೋಗ ಗೊತ್ತಿರಲಿಲ್ಲವೆಂದಲ್ಲ. ಡೀಸೆಲ್ ಪೈಪಿನೊಳಗೆ ಗಾಳಿ ಹೊಕ್ಕಿತ್ತು. ನಟ್ಟು ಸಡಿಲಿಸಿ ಗಾಳಿ ಬಿಟ್ಟರೆ ಮುಗಿಯಿತು. ಆದರೆ ಗಾಳಿಯ ಹಿಂದೆ ಡೀಸೆಲ್ ಬರುತ್ತದೆ, ಹಸಿರು ನೆಲದ ಮೇಲೆ ಚೆಲ್ಲುತ್ತದೆ. ಕೆಳಗಿಡಲು ಒಂದು ತಗಡಿನ ತಟ್ಟೆ ಮಾಡಬೇಕು ಎಂದುಕೊಂಡ. ಆಮೇಲೆ ತಟ್ಟೆಗೆ ಯಾವ ಬಣ್ಣ ಹೊಂದೀತು ಎಂದು ಯೋಚಿಸತೊಡಗಿದ.

ಎಳ್ಳಮಾಸಿಯ ಹಿಂದಿನ ದಿನ ಬೆಳಿಗ್ಗೆ ಪಕ್ಕದ ಹೊಲದ ನೀಲವ್ವ ಏದುಸಿರು ಬಿಡುತ್ತ ಬಂದಳು.

“ಏ ತೋಟಪ್ಪಾ, ಆ ದೊಡ್ಡ ಪಾನಾ ಕೊಡಪಾ. ನೀರೆತ್ತೂ ಇಂಜಿನ್ನು ನಿಂತೈತಿ. ಉಳ್ಳಾಗಡ್ಡಿ ಸಸಿ ಬಾಡಾಕತ್ತಾವು.”

“ಪೂಜಾ ಮಾಡಿದ್ದು ಯಕ್ಕಾ. ಕೊಡಾಕ ಬರೂದಿಲ್ಲ.”

“ಯಾವಾಗಿನ ಪೂಜಾನೋ?”

“ಮಾನಮಿ ಹಬ್ಬದ್ದು.”

ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ನಿಲ್ಲಲಿಲ್ಲ. “ನಮ್ಮ ಕುಡಗೋಲಿಗೆ ಇಷ್ಟು ರಜಾ ಕೊಟ್ಟಿದ್ರ ನನ್ನ ಎಮ್ಮಿ ಉಪಾಸ ಸಾಯತಿತ್ತು!”

ಗುರುಗಳು ಒಳಗೆ ಬಂದರು. ದೊಡ್ಡ ಪಾನಾ ಮೊಳೆಯಿಂದ ತೆಗೆದರು. ಅದರ ಮೇಲಿನ ವಿಭೂತಿಯನ್ನು ಬೆರಳಿನಿಂದ ಒರೆಸಿ ತಮ್ಮ ಹಣೆಗೆ ಹಚ್ಚಿಕೊಂಡರು. ಪಾನಾವನ್ನು ನೀಲವ್ವನ ಕೈಗಿಟ್ಟರು.

“ದಂಡಿ ಮಂದಿಗೆಲ್ಲಾ ಹೇಳವ್ವಾ,” ಎಂದರು. “ಹಬ್ಬದ ಮುಂದ ಯಾರದು ಏನು ಮುರದಿದ್ರೂ ಬಂದು ಸಾಮಾನು ಒಯ್ರಿ ಅಂತ.”

ಗೋಡೆಯ ಮೇಲೆ ಕೆಂಪು ಗೆರೆ ಬಾಯಿ ತೆರೆದುಕೊಂಡು ಉಳಿಯಿತು. ತೋಟಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಹೊರಟೇಬಿಟ್ಟ.

“ಎಲ್ಲಿಗೋ?”

“ಪಾನಾದ ಹಿಂದ್ರೀ!”

ನದಿಯ ಹತ್ತಿರ ನೀಲವ್ವ ಪಾನಾವನ್ನು ಓರೆಯಾಗಿ ಹಿಡಿದು ಜಗ್ಗುತ್ತಿದ್ದಳು. ತೋಟಪ್ಪ ಓಡಿ ಬಂದು ಕೈ ಚಾಚಿದ.

“ನಟ್ಟಿನ ಮೂಲಿ ಸವದು ಹೋಗತೈತಿ ಯಕ್ಕಾ! ಕೊಡಿಲ್ಲೆ.”

ಕೆಸರಿನಲ್ಲೇ ಕುಕ್ಕರಗಾಲಿನಲ್ಲಿ ಕೂತ. ಡೀಸೆಲ್ ಪೈಪಿನ ನಟ್ಟು ಸಡಿಲಿಸಿದ. ಮೊದಲು ನೊರೆ ಬಂತು, ಆಮೇಲೆ ಗುಳ್ಳೆ, ಆಮೇಲೆ ತಿಳಿಯಾದ ಡೀಸೆಲ್. ಮುಂಗೈ ತೊಯ್ದು ಧೋತರಕ್ಕೆ ಇಳಿಯಿತು. ಅವನಿಗದು ಲಕ್ಷ್ಯವಿರಲಿಲ್ಲ. ನಟ್ಟು ಬಿಗಿದ.

“ಈಗ ಹ್ಯಾಂಡಲ್ ತಿರುವು.”

ಇಂಜಿನ್ನು ಹಿಡಿಯಿತು. ನೀರು ಕಾಲುವೆಗೆ ಧುಮುಕಿತು.

“ಅಲ್ಲೋ ತಮ್ಮಾ,” ಎಂದಳು ನೀಲವ್ವ, “ನನ್ನ ಇಂಜಿನ್ನಿಂದು ಇಷ್ಟು ಲಗೂ ತಿಳೀತು. ನಿನ್ನ ಗಾಡೀದು ಯಾಕ ತಿಳೀವಲ್ದು?”

ತೋಟಪ್ಪ ದಡಕ್ಕನೆ ಎದ್ದ. ಕೈ ತೊಳೆಯಲೂ ನಿಲ್ಲದೆ ಪಾನಾ ಹಿಡಿದು ಆಶ್ರಮಕ್ಕೆ ಬಂದ.

ಅಷ್ಟರಲ್ಲಿ ಗೋಡೆ ಖಾಲಿಯಾಗಿತ್ತು. ಒಬ್ಬನಿಗೆ ಗಾಡಿಯ ಕೀಲು, ಇನ್ನೊಬ್ಬಳಿಗೆ ಹೊಲಿಗೆ ಯಂತ್ರ, ಮತ್ತೊಬ್ಬರಿಗೆ ಬಾಗಿಲ ಚಿಲಕ. ಕೇಳಿದವರಿಗೆಲ್ಲ ಗುರುಗಳು ಕೊಟ್ಟು ಕಳಿಸಿದ್ದರು. ತೋಟಪ್ಪನ ಬಳಿ ಉಳಿದದ್ದು ಕೈಯಲ್ಲಿದ್ದ ಒಂದೇ ಪಾನಾ. ಬೇಕಾಗಿದ್ದದ್ದೂ ಒಂದೇ.

ಆಟೋದ ಕೆಳಗೆ ಹಸಿರು ನೆಲದ ಮೇಲೆ ಅಂಗಾತ ಮಲಗಿ ನಟ್ಟು ಸಡಿಲಿಸಿದ. ಡೀಸೆಲ್ ಚೆಲ್ಲಿತು. ನೆಲದ ಮೇಲೆ ಕರಿಯ ಕಲೆ ಹರಡಿತು. ಎದ್ದು ಕೀಲಿ ತಿರುವಿದ.

ಆಟೋ ಒಮ್ಮೆ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ತೋಟಪ್ಪ ಕೀಲಿ ಬಿಡಲಿಲ್ಲ.

ಆಮೇಲೆ ಅದು ಕೆಮ್ಮಲಿಲ್ಲ, ಗುಡುಗುಡು ಎಂದು ಮಾತಾಡತೊಡಗಿತು.

ಸಂಜೆ ಮುದುಕನೊಬ್ಬ ಬಂದು ಆ ಪಾನಾವನ್ನೂ ಕೇಳಿದ. ತೋಟಪ್ಪ ಕೊಟ್ಟ.

ಹಬ್ಬದ ದಿನ ಮುಂಜಾನೆ ಗುಜರಿಯವನು ತಕ್ಕಡಿ ಹೊತ್ತುಕೊಂಡು ಬಂದ. ಓಡುತ್ತಿರುವ ಗಾಡಿ ನೋಡಿ ಅವನ ಮುಖ ಸಪ್ಪಗಾಯಿತು.

“ನನ್ನ ಬೋಣಿ ಹೋತಲ್ರೀ ಅಜ್ಜಾರ.”

“ಏರಿ ಕುಂಡ್ರೋ ಮಾರಾಯಾ,” ಎಂದರು ಗುರುಗಳು. “ಬೋಣಿ ಹೋದ್ರ ಹೋಗಲಿ, ಹೋಳಿಗಿ ಐತಿ.”

ಹಿಂದೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯದ ಬುಟ್ಟಿಗಳು. ಅವುಗಳ ನಡುವೆ ನೀಲವ್ವ, ತಕ್ಕಡಿ ತಬ್ಬಿಕೊಂಡ ಗುಜರಿಯವನು. ಮುಂದೆ ತೋಟಪ್ಪನ ಪಕ್ಕದಲ್ಲಿ ಗುರುಗಳು. ಎರಡೂ ಬದಿ ಹಾಲುಗಾಳು ತುಂಬಿದ ಜೋಳ ತಲೆದೂಗುತ್ತಿತ್ತು. ತೋಟಪ್ಪನಿಗೆ ಇಂಜಿನ್ನಿನ ಸದ್ದು ಬಿಟ್ಟು ಬೇರೇನೂ ಬೇಕಿರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಮಾತ್ರ ಒಂದು ನೆನಪಾಯಿತು.

“ಅಜ್ಜಾರ, ಗೋಡಿ ಮ್ಯಾಲ ಈಗ ಬರೇ ಗೆರಿ ಅದಾವ್ರಿ. ಯಾವ ಸಾಮಾನು ಯಾರ ಮನ್ಯಾಗ ಐತೋ ಏನೋ.”

“ಬರ್ತಾವ ತಗೋ. ಬಂದಮ್ಯಾಲ ಏನು ಮಾಡ್ತೀ?”

“ಸ್ವಚ್ಛ ಒರಸಿ, ಎಣ್ಣಿ ಹಚ್ಚಿ, ಮತ್ತ ಗೆರಿಯೊಳಗ ಚಂದಂಗ ತೂಗಹಾಕ್ತೀನ್ರಿ.”

“ಹಂಗಾದ್ರ,” ಎಂದರು ಗುರುಗಳು, “ನಿಧಾನಕ್ಕ ಬರಲಿ.”